ಬೋಂಡಾ ಹುಡುಕಿದ್ದಲ್ಲ, ನಾನೇ ತೋರಿಸಿದ್ದು

1/9

ಹೋದ ತಿಂಗಳು ಹಾಕಿದ್ದ ರೀಲ್ ನೆನಪಿದೆಯಾ? ನಮ್ಮ ಲೇಔಟ್ ಹಿಂದಿನ ಖಾಲಿ ಸೈಟು, ಆರು ಕಡೆ ಇಟ್ಟಿಗೆ ಗುಡ್ಡೆ, ಅದರಲ್ಲಿ ಒಂದರ ಕೆಳಗೆ ನನ್ನ ಕರ್ಚೀಫು. ಬೋಂಡಾ ಬಾಲ ಎತ್ತಿಕೊಂಡು ಹೊರಟ, ಎರಡು ಗುಡ್ಡೆ ಮೂಸಿದ, ನಾಲ್ಕನೇ ಗುಡ್ಡೆ ಮುಂದೆ ಕೂತುಬಿಟ್ಟ. ಸರಿಯಾಗಿ ಅದೇ ಗುಡ್ಡೆ. ನೀವೆಲ್ಲ "ಸಿಐಡಿ ಬೋಂಡಾ" ಅಂತ ಹೆಸರಿಟ್ರಿ. ನಮ್ಮ ಬಿ.ಕಾಂ ಗ್ಯಾಂಗ್ ಅಂತೂ ಕ್ಯಾಂಟೀನಲ್ಲಿ ಮಿರ್ಚಿ ಕೊಡಿಸಿ ಸನ್ಮಾನವೇ ಮಾಡಿತು.

ಆ ರೀಲ್ ಡಿಲೀಟ್ ಮಾಡಿದ್ದೀನಿ. ಯಾಕೆ ಅಂತ ತುಂಬ ಜನ ಮೆಸೇಜ್ ಹಾಕಿ ಕೇಳಿದ್ರಿ. ಅದಕ್ಕೇ ಈ ಸೀರೀಸ್. ಒಂಬತ್ತು ಪೋಸ್ಟ್ ಇದೆ, ಉದ್ದ ಇದೆ, ಚಹಾ ಇಟ್ಟುಕೊಂಡು ಓದಿ.

ವಿಷಯ ಇಷ್ಟೇ. ಅದರ ಮಾರನೇ ದಿನ ನನ್ನ ಕ್ಲಾಸ್‌ಮೇಟ್ ಒಬ್ಬಳು ಬಂದಿದ್ಲು. "ನೀನು ಒಳಗೆ ಇರು, ಈ ಸಲ ನಾನು ಬಚ್ಚಿಡ್ತೀನಿ" ಅಂದಳು. ಬಚ್ಚಿಟ್ಟು ಕರೆದಳು. ಬೋಂಡಾನ ಬಿಟ್ಟೆ. ಅವನು ನಾಲ್ಕನೇ ಗುಡ್ಡೆಗೆ ಹೋಗಿ ಕೂತ, ತಿರುಗಿ ನನ್ನ ಮುಖ ನೋಡಿದ. ಅಲ್ಲಿ ಇರಲಿಲ್ಲ. ಎದ್ದು ಎರಡನೇದಕ್ಕೆ ಹೋದ, ಮತ್ತೆ ನನ್ನ ಮುಖ ನೋಡಿದ. ಐದು ಸಲ ಆಡಿದ್ವಿ. ಒಂದು ಸಲ ಮಾತ್ರ ಸರಿ ಬಂತು. ಆರು ಗುಡ್ಡೆ ಇದ್ದಾಗ ಕಣ್ಣು ಮುಚ್ಚಿಕೊಂಡು ಕೂತರೂ ಅಷ್ಟು ಬರುತ್ತೆ.

ರಾತ್ರಿ ಕೂತು ರೀಲನ್ನ ನಿಧಾನ ಮಾಡಿ ನೋಡಿದೆ. ನಾಲ್ಕನೇ ಗುಡ್ಡೆ ಹತ್ತಿರ ಬರ್ತಿದ್ದ ಹಾಗೆ ನನ್ನ ಹೆಜ್ಜೆ ನಿಂತಿದೆ. ಫೋನು ಆ ಕಡೆ ತಿರುಗಿದೆ, ಬೋಂಡಾ ತಿರುಗೋಕೆ ಮುಂಚೆನೇ. ಅವನು ಮೂಗಿನಿಂದ ಹುಡುಕಿರಲಿಲ್ಲ, ಕಣ್ಣಿನಿಂದ ನನ್ನನ್ನ ಓದಿದ್ದ. ನಾನು ಬೇಕು ಅಂತ ಮೋಸ ಮಾಡಿಲ್ಲ. ಆದರೆ ನಿಮಗೆ ತೋರಿಸಿದ್ದು ಸುಳ್ಳು.

ಆಮೇಲೆ ಓದೋಕೆ ಶುರು ಮಾಡಿದೆ. ಈ ತಪ್ಪು ನನ್ನೊಬ್ಬಳದ್ದಲ್ಲ, ನೂರಾರು ವರ್ಷದ್ದು ಅಂತ ಗೊತ್ತಾಯ್ತು.

2/9

ನಾಯಿ ಮೂಗಿನ ಮೇಲೆ ಮನುಷ್ಯನಿಗೆ ಇರೋ ನಂಬಿಕೆ ಎಷ್ಟು ಹಳೇದು ಅಂದ್ರೆ, ಋಗ್ವೇದದಲ್ಲೇ ಒಂದು ಕತೆ ಇದೆ. ಪಣಿಗಳು ಅನ್ನೋರು ಹಸುಗಳನ್ನ ಕದ್ದು ಬಚ್ಚಿಡ್ತಾರೆ. ಇಂದ್ರ ಸರಮೆಯನ್ನ ಕಳಿಸ್ತಾನೆ. ಸರಮೆ ಅಂದ್ರೆ ದೇವತೆಗಳ ಹೆಣ್ಣುನಾಯಿ. ಅವಳು ರಸಾ ನದಿ ದಾಟಿ ಹಸುಗಳಿರೋ ಜಾಗ ಪತ್ತೆ ಮಾಡ್ತಾಳೆ. ಪಣಿಗಳು "ನಮ್ಮ ಜೊತೆನೇ ಇರು, ತಂಗಿ ಥರ ನೋಡ್ಕೋತೀವಿ, ಪಾಲು ಕೊಡ್ತೀವಿ" ಅಂತ ಆಸೆ ತೋರಿಸ್ತಾರೆ. ಸರಮೆ ಒಪ್ಪಲ್ಲ. ಬೋಂಡಾ ಆಗಿದ್ರೆ ಒಂದು ಪಾರ್ಲೆ-ಜಿಗೆ ಒಪ್ಪಿಬಿಡ್ತಿದ್ದ.

ಸರಮೆಯ ಮಕ್ಕಳು ಸಾರಮೇಯರು. ಸಂಸ್ಕೃತದಲ್ಲಿ ನಾಯಿಗೆ ಆ ಹೆಸರೇ ನಿಂತಿತು. ಈ ಪದ ನಮ್ಮ ಕಡೆಗೂ ಬರುತ್ತೆ, ನೋಡಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದವನು, ಸುಮಾರು 1130ರ ಹೊತ್ತಿಗೆ 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಗ್ರಂಥ ಬರೆದ. ರಾಜನಿಗೆ ಬೇಕಾದ್ದೆಲ್ಲ ಅದರಲ್ಲಿದೆ: ಅಡುಗೆ, ಆನೆ, ಸಂಗೀತ, ಕುಸ್ತಿ, ಮೀನು ಹಿಡಿಯೋದು. ರಾಜನ ವಿನೋದಗಳ ಪಟ್ಟಿಯಲ್ಲಿ ಬೇಟೆಗೆ ಒಂದು ಭಾಗ ಇದೆ, ಅದನ್ನ ಬಿಟ್ಟು ನಾಯಿಗಳಿಗೇ ಬೇರೆ ಒಂದು ಭಾಗ ಇದೆ. ಅದರ ಹೆಸರು ಸಾರಮೇಯ ವಿನೋದ. ಅಂದ್ರೆ ನಾಯಿ ಜೊತೆ ಹೊರಗೆ ಹೋಗಿ ಆಡೋದು ನಮ್ಮ ನಾಡಲ್ಲಿ 900 ವರ್ಷದ ಹಿಂದೆನೇ ಪುಸ್ತಕಕ್ಕೆ ಬಂದ ವಿಷಯ.

(ಆತಕೂರಿನ ಕಾಳಿ ಬಗ್ಗೆ ಕೇಳ್ತೀರ ಅಂತ ಗೊತ್ತು. ಹಂದಿ ಜೊತೆ ಹೋರಾಡಿ ಸತ್ತ ಕಾಳಿಗೆ 10ನೇ ಶತಮಾನದಲ್ಲಿ ಕಲ್ಲು ನಿಲ್ಲಿಸಿದ್ರಲ್ಲ, ಆ ಕತೆಗೆ ಬೇರೆ ಪೋಸ್ಟೇ ಬೇಕು. ಅದು ಧೈರ್ಯದ ಕತೆ, ಮೂಗಿನದ್ದಲ್ಲ.)

ವಾಸನೆ ಬಗ್ಗೆ ಕುತೂಹಲದಿಂದ ಬರೆದ ಹಳಬ ಅಂದ್ರೆ ಗ್ರೀಸಿನ ಕ್ಸೆನೊಫೋನ್, ಸಾಕ್ರಟೀಸ್‌ನ ಶಿಷ್ಯ. ಕ್ರಿ.ಪೂ. 4ನೇ ಶತಮಾನದವನು. ಅವನ ಹೆಸರಲ್ಲಿರೋ ಬೇಟೆ ಪುಸ್ತಕದಲ್ಲಿ ಮೊಲದ ಜಾಡು ಯಾವಾಗ ನಿಲ್ಲುತ್ತೆ, ಯಾವಾಗ ಹಾರಿಹೋಗುತ್ತೆ ಅಂತ ಲೆಕ್ಕ ಇದೆ. ಹಿಮ ಗಟ್ಟಿಯಾಗಿದ್ದಾಗ ಬೆಳಗಿನ ಜಾವ ವಾಸನೆ ಸಿಗಲ್ಲ, ಬಿಸಿಲು ಬಂದಮೇಲೆ ಸಿಗುತ್ತೆ. ಜಾಸ್ತಿ ಇಬ್ಬನಿ ಜಾಡನ್ನ ಅಳಿಸುತ್ತೆ. ವಸಂತದಲ್ಲಿ ಹೂವಿನ ವಾಸನೆ ಬೆರೆತು ನಾಯಿಗೆ ಗೊಂದಲ ಆಗುತ್ತೆ. ನಾಯಿಗೆ ಕೂಗೋಕೆ ಸುಲಭ ಆಗೋ ಚಿಕ್ಕ ಹೆಸರಿಡಿ ಅಂತಲೂ ಹೇಳಿ, ಉದ್ದ ಪಟ್ಟಿಯನ್ನೇ ಕೊಟ್ಟಿದ್ದಾನೆ. 'ಬೋಂಡಾ' ಪಾಸ್.

ಆದರೆ ಇವರೆಲ್ಲ ನಾಯಿಯನ್ನ ನಂಬಿದರು, ಯಾರೂ ಪರೀಕ್ಷೆ ಮಾಡಲಿಲ್ಲ. ಮೊಲ ಸಿಕ್ಕರೆ ಮೂಗು ಸರಿ, ಅಷ್ಟೇ.

3/9

ಪರೀಕ್ಷೆ ಮಾಡಿದವನ ಹೆಸರು ಜಾರ್ಜ್ ರೊಮಾನಿಸ್. ನನಗೆ ಈ ಇಡೀ ಚರಿತ್ರೆಯಲ್ಲಿ ಇಷ್ಟ ಆದ ಮನುಷ್ಯ ಇವನೇ.

ರೊಮಾನಿಸ್ ಡಾರ್ವಿನ್‌ನ ಕಿರಿಯ ಸ್ನೇಹಿತ. ಪ್ರಾಣಿಗಳ ಬುದ್ಧಿ ಬಗ್ಗೆ 1882ರಲ್ಲಿ ದೊಡ್ಡ ಪುಸ್ತಕ ಬರೆದು ಬೈಸಿಕೊಂಡಿದ್ದ. ಯಾಕಂದ್ರೆ ಅದರ ತುಂಬ ಅವರಿವರು ಹೇಳಿದ ಕತೆಗಳು, ಇವತ್ತಿನ ವಾಟ್ಸಾಪ್ ಫಾರ್ವರ್ಡ್ ಥರ. ಅದೇ ಮನುಷ್ಯ 1887ರಲ್ಲಿ ತನ್ನ ಸಾಕಿದ ಹೆಣ್ಣು ಸೆಟರ್ ನಾಯಿ ಜೊತೆ ಬಯಲಲ್ಲಿ ಆಡಿದ ಆಟಗಳನ್ನ ಪ್ರಕಟಿಸಿದ. ಲ್ಯಾಬ್ ಇಲ್ಲ, ಯಂತ್ರ ಇಲ್ಲ. ಒಂದು ಬಯಲು, ಹಳೇ ಬೂಟು, ಮನೆ ಕೆಲಸದವರು.

ಮೊದಲ ಆಟ ಕೇಳಿ. ಹನ್ನೆರಡು ಜನರನ್ನ ಒಬ್ಬರ ಹಿಂದೆ ಒಬ್ಬರಂತೆ ಸಾಲಾಗಿ ನಡೆಸಿದ. ಎಲ್ಲರಿಗಿಂತ ಮುಂದೆ ತಾನೇ. ಹಿಂದಿನವರು ಪ್ರತಿಯೊಬ್ಬರೂ ಮುಂದಿನವನ ಹೆಜ್ಜೆ ಗುರುತಿನ ಮೇಲೇ ಕಾಲಿಡಬೇಕು. ಅಂದ್ರೆ ರೊಮಾನಿಸ್‌ನ ಒಂದು ಹೆಜ್ಜೆ ಮೇಲೆ ಹನ್ನೊಂದು ಜನರ ಹೆಜ್ಜೆ ಮುಚ್ಚಳ ಹಾಕಿದ ಹಾಗೆ. ಇನ್ನೂರು ಗಜ ನಡೆದ ಮೇಲೆ ಅವನು ಬಲಕ್ಕೆ ತಿರುಗಿದ, ಹಿಂದೆ ಐವರು. ಏಳನೆಯವನು ಎಡಕ್ಕೆ ತಿರುಗಿದ, ಉಳಿದವರು ಅವನ ಹಿಂದೆ. ಎರಡೂ ಗುಂಪು ದೂರ ಹೋಗಿ ಬಚ್ಚಿಟ್ಟುಕೊಂಡವು. ಆಮೇಲೆ ನಾಯಿಯನ್ನ ಜಾಡಿಗೆ ಬಿಟ್ಟರು.

ಅವಳು ಜೋರಾಗಿ ಓಡಿದಳು. ತಿರುವಿನ ಜಾಗ ಮೊದಲು ದಾಟಿಯೇ ಹೋದಳು. ತಕ್ಷಣ ವಾಪಸ್ ಬಂದು ಬಲಕ್ಕೆ ತಿರುಗಿದಳು, ಅನುಮಾನವೇ ಇಲ್ಲದೆ.

ಎರಡನೇ ಆಟ ಬೂಟಿನದ್ದು. ರೊಮಾನಿಸ್ ತನ್ನ ಬೂಟನ್ನ ಒಬ್ಬ ಅಪರಿಚಿತನಿಗೆ ಹಾಕಿ ನಡೆಸಿದ. ನಾಯಿ ಆ ಅಪರಿಚಿತನ ಜಾಡು ಹಿಡಿದು ಖುಷಿಯಿಂದ ಓಡಿತು! ಹೊಸ ಬೂಟು ಹಾಕಿಕೊಂಡು ತಾನು ನಡೆದ. ತನ್ನ ಯಜಮಾನನ ಜಾಡನ್ನ ನಾಯಿ ಹಿಡಿಯಲೇ ಇಲ್ಲ. ಆಮೇಲೆ ಹಳೇ ಬೂಟಿನ ಅಟ್ಟೆಗೆ ಕಂದು ಕಾಗದ ಅಂಟಿಸಿ ನಡೆದ. ನಾಯಿಗೆ ಏನೂ ಸಿಗಲಿಲ್ಲ. ಆದರೆ ಒಂದು ಜಾಗಕ್ಕೆ ಬಂದಾಗ ಗಕ್ಕನೆ ಹಿಡಿದುಬಿಟ್ಟಳು. ನೋಡಿದ್ರೆ, ಅಲ್ಲಿ ಹಿಮ್ಮಡಿ ಹತ್ತಿರ ಕಾಗದ ಸವೆದು ಕೆಲವೇ ಚದರ ಮಿಲಿಮೀಟರ್ ಬೂಟು ನೆಲಕ್ಕೆ ತಾಗಿತ್ತು.

ಕೆಲವೇ ಮಿಲಿಮೀಟರ್. ಮೊದಲನೇ ಸಲ ಓದಿದಾಗ ನಾನು ಎದ್ದು ಹೋಗಿ ಮಲಗಿದ್ದ ಬೋಂಡಾನ ಮೂಗು ಮುಟ್ಟಿ ಬಂದೆ.

ಈಗ ಗಮನಿಸಿ. ಉತ್ತರ ಗೊತ್ತಿದ್ದ ಮನುಷ್ಯ ರೊಮಾನಿಸ್, ನಾಯಿ ಹುಡುಕುವಾಗ ಎಲ್ಲಿದ್ದ? ದೂರದಲ್ಲಿ, ಕಣ್ಣಿಗೆ ಕಾಣದ ಹಾಗೆ ಬಚ್ಚಿಟ್ಟುಕೊಂಡಿದ್ದ. ನನ್ನ ರೀಲಲ್ಲಿ ಉತ್ತರ ಗೊತ್ತಿದ್ದವಳು ಫೋನ್ ಹಿಡಿದು ಪಕ್ಕದಲ್ಲೇ ನಡೀತಿದ್ದಳು.

4/9

ಅದಾದ ಮುಂದಿನ ವರ್ಷವೇ, 1888ರಲ್ಲಿ, ಲಂಡನ್ ಪೊಲೀಸರಿಗೆ ನಾಯಿ ಮೂಗು ತುರ್ತಾಗಿ ಬೇಕಾಯ್ತು. ಊರಿನ ಪೂರ್ವ ಭಾಗದ ವೈಟ್‌ಚಾಪೆಲ್‌ನಲ್ಲಿ ಬಡ ಹೆಂಗಸರ ಕೊಲೆ ಮೇಲೆ ಕೊಲೆ. ಕೊಲೆಗಾರನ ಅಡ್ಡಹೆಸರು ನಿಮಗೆ ಗೊತ್ತು, ಅವನ ಬಗ್ಗೆ ಸಾಕಷ್ಟು ಸಿನಿಮಾ ಬಂದಿದೆ, ನಾನು ಇಲ್ಲಿ ಅವನನ್ನ ಹೀರೋ ಮಾಡಲ್ಲ.

ಪತ್ರಿಕೆಗಳಲ್ಲಿ ಜನ "ಬ್ಲಡ್‌ಹೌಂಡ್ ತನ್ನಿ" ಅಂತ ಬರೆದರು. ಪೊಲೀಸ್ ಕಮಿಷನರ್ ಸರ್ ಚಾರ್ಲ್ಸ್ ವಾರನ್ ಒಪ್ಪಿದ. ಸ್ಕಾರ್ಬರೋ ಕಡೆಯ ಎಡ್ವಿನ್ ಬ್ರಫ್ ಅನ್ನೋ ಸಾಕಣೆದಾರ ಎರಡು ನಾಯಿ ತಂದ: ಬಾರ್ನಬಿ, ಬರ್ಗೊ. ಅಕ್ಟೋಬರ್‌ನಲ್ಲಿ ರೀಜೆಂಟ್ಸ್ ಪಾರ್ಕ್‌ನಲ್ಲಿ, ಆಮೇಲೆ ಹೈಡ್ ಪಾರ್ಕ್‌ನಲ್ಲಿ ಅಭ್ಯಾಸ ನಡೀತು. ಒಬ್ಬ ಮನುಷ್ಯನನ್ನ ಮುಂಚೆ ಓಡಿಸೋದು, ಸುಮಾರು ಕಾಲು ಗಂಟೆ ಬಿಟ್ಟು ನಾಯಿಗಳನ್ನ ಬಿಡೋದು. ಎರಡು ಸಲ ಓಡಿದ ಮನುಷ್ಯ ಯಾರು ಗೊತ್ತಾ? ಕಮಿಷನರ್ ಸಾಹೇಬರೇ. ಲಂಡನ್ನಿನ ಅತಿ ದೊಡ್ಡ ಪೊಲೀಸ್ ಅಧಿಕಾರಿ ಪಾರ್ಕಲ್ಲಿ ನಾಯಿಗಳಿಂದ ತಪ್ಪಿಸಿಕೊಂಡು ಓಡ್ತಿರೋದನ್ನ ಕಲ್ಪಿಸಿಕೊಳ್ಳಿ.

ಅಭ್ಯಾಸ ಪರವಾಗಿಲ್ಲ ಅನ್ನೋ ಹಾಗೆ ನಡೀತು. ಆದರೆ ಪಾರ್ಕಿನ ಬೆಳಗಿನ ಹುಲ್ಲು ಬೇರೆ, ಸಾವಿರಾರು ಜನ ತುಳಿಯೋ ವೈಟ್‌ಚಾಪೆಲ್‌ನ ಕಲ್ಲುಹಾಸು ಬೇರೆ. ನಮ್ಮ ಮಂಡಿಪೇಟೆ ಸಂತೆ ದಿನ ಹೇಗಿರುತ್ತೋ ಹಾಗೆ. ಜೊತೆಗೆ ನಾಯಿಗಳನ್ನ ಕೊಳ್ಳೋ ಬಗ್ಗೆ ಪೊಲೀಸರು ಗ್ಯಾರಂಟಿ ಕೊಡಲಿಲ್ಲ, ಬ್ರಫ್ ವಾಪಸ್ ಕರೆಸಿಕೊಂಡ.

ನವೆಂಬರ್ 9ರಂದು ಬೆಳಿಗ್ಗೆ ಒಂದು ಕೋಣೆಯಲ್ಲಿ ಇನ್ನೊಬ್ಬ ಹೆಂಗಸಿನ ಶವ ಕಂಡಿತು. ಪೊಲೀಸರು ಬಾಗಿಲು ತೆರೆಯಲಿಲ್ಲ. ಒಳಗಿನ ವಾಸನೆ ಕೆಡಬಾರದು, ನಾಯಿಗಳು ಬರಲಿ ಅಂತ ಹೊರಗೆ ಕಾದರು. ಹತ್ತೂಮುಕ್ಕಾಲರ ಹೊತ್ತಿಗೆ ಸುದ್ದಿ ತಿಳಿದಿತ್ತು. ಮಧ್ಯಾಹ್ನ ಒಂದೂವರೆಗೆ, ನಾಯಿಗಳು ಬರಲ್ಲ ಅಂತ ಹೇಳಿಕೊಂಡು ಒಬ್ಬ ಅಧಿಕಾರಿ ಬಂದ, ಆಗ ಬಾಗಿಲು ಒಡೆದರು. ಇಲ್ಲದ ನಾಯಿಗಳಿಗಾಗಿ ಸುಮಾರು ಮೂರು ಗಂಟೆ.

ಬಾರ್ನಬಿ, ಬರ್ಗೊ ಒಂದು ಕೊಲೆ ಜಾಗವನ್ನೂ ಮೂಸಿ ನೋಡಲಿಲ್ಲ. ಆದರೆ ಆ ಇಬ್ಬರ ಮೇಲೆ ಇಷ್ಟೊಂದು ನಂಬಿಕೆ.

5/9

ಈಗ ಒಂದು ಕುದುರೆ ಬರುತ್ತೆ. ಸ್ಕ್ರೋಲ್ ಮಾಡಬೇಡಿ, ನಾಯಿ ವಿಷಯಕ್ಕೇ ಬರ್ತೀನಿ.

ಬರ್ಲಿನ್‌ನಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟೆನ್ ಅನ್ನೋ ನಿವೃತ್ತ ಗಣಿತ ಮೇಷ್ಟ್ರು. ಅವರ ಕುದುರೆ ಹಾನ್ಸ್. "ಏಳಕ್ಕೆ ಐದು ಕೂಡಿಸಿದ್ರೆ?" ಅಂತ ಕೇಳಿದ್ರೆ ಗೊರಸಿನಿಂದ ಹನ್ನೆರಡು ಸಲ ನೆಲ ಕುಟ್ಟೋದು. 1904ರಲ್ಲಿ ದೊಡ್ಡ ಸಮಿತಿ ಕೂತು ಪರಿಶೀಲಿಸಿ, ಇದರಲ್ಲಿ ಬೇಕಂತ ಮಾಡಿದ ಮೋಸ ಇಲ್ಲ ಅಂತ ಹೇಳಿತು. ಅದು ನಿಜವೂ ಹೌದು. ಮೇಷ್ಟ್ರು ಪ್ರಾಮಾಣಿಕರು, ದುಡ್ಡೂ ತಗೊಳ್ತಿರಲಿಲ್ಲ.

ಆಮೇಲೆ ಆಸ್ಕರ್ ಫುಂಗ್ಸ್ಟ್ ಅನ್ನೋ ಯುವಕ ಎರಡು ಸರಳ ಪ್ರಯೋಗ ಮಾಡಿದ. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದ ಹಾಗೆ ಮಾಡಿದ. ಕುದುರೆಗೆ ಕೇಳುವವನು ಕಾಣದ ಹಾಗೆ ಮಾಡಿದ. ಎರಡರಲ್ಲೂ ಹಾನ್ಸ್ ಫೇಲ್. ಕುದುರೆ ಲೆಕ್ಕ ಮಾಡ್ತಿರಲಿಲ್ಲ, ಸರಿಯಾದ ಸಂಖ್ಯೆ ಬಂದಾಗ ಮನುಷ್ಯನ ತಲೆ, ಭುಜ ಕೂದಲೆಳೆಯಷ್ಟು ಸಡಿಲ ಆಗೋದನ್ನ ನೋಡಿ ನಿಲ್ಲಿಸ್ತಿತ್ತು. 1907ರಲ್ಲಿ ಇದೆಲ್ಲ ಪುಸ್ತಕ ಆಗಿ ಬಂತು.

ನನಗೆ ಹೆದರಿಕೆ ಆಗಿದ್ದು ಮುಂದಿನ ಸಾಲಿಗೆ. ಎಲ್ಲ ಗೊತ್ತಾದ ಮೇಲೂ ಫುಂಗ್ಸ್ಟ್‌ಗೆ ತನ್ನ ಮೈ ಕೊಡೋ ಸಿಗ್ನಲ್ ನಿಲ್ಲಿಸೋಕೆ ಆಗಲಿಲ್ಲ. ಗೊತ್ತಿದ್ದೂ ಆಗಲ್ಲ. ಹಾಗಾಗಿ "ನಾನು ಹುಷಾರಾಗಿ ಇರ್ತೀನಿ" ಅನ್ನೋದು ಉತ್ತರ ಅಲ್ಲ. ಉತ್ತರ ನಿನಗೆ ಗೊತ್ತಿರಲೇಬಾರದು.

ಬಿ.ಕಾಂನವರಿಗೆ ಇದು ಹೊಸದಲ್ಲ ಕಣ್ರೋ. ಆಡಿಟಿಂಗ್ ಪೇಪರ್‌ನಲ್ಲಿ ಇಂಟರ್ನಲ್ ಚೆಕ್ ಬರೆದಿಲ್ವಾ? ಕ್ಯಾಶ್ ತಗೊಳ್ಳೋನು ಲೆಡ್ಜರ್ ಬರೀಬಾರದು, ಒಬ್ಬನ ಕೆಲಸವನ್ನ ಇನ್ನೊಬ್ಬ ತಾನಾಗೇ ತಾಳೆ ನೋಡೋ ಹಾಗಿರಬೇಕು. ಅದು ಕ್ಯಾಶಿಯರ್ ಕಳ್ಳ ಅಂತ ಅಲ್ಲ. ಒಳ್ಳೆಯವನ ಕೈಯೂ ತಪ್ಪುತ್ತೆ ಅಂತ. ಐದು ಮಾರ್ಕಿಗೆ ಬರೆದು ಮರೆತಿದ್ದೆ. ನಾಯಿ ಆಟದಲ್ಲಿ ಬಚ್ಚಿಡೋಳೂ ನಾನೇ, ಬಿಡೋಳೂ ನಾನೇ, "ಸರಿ" ಅನ್ನೋಳೂ ನಾನೇ.

6/9

ಇದು ಬರೆಯೋಕೆ ಕಷ್ಟ ಆಗಿರೋ ಪೋಸ್ಟು.

ಆ ರೀಲ್ ಓಡ್ತಿದ್ದ ವಾರ, ಪರಿಚಯ ಇಲ್ಲದ ಒಬ್ಬ ಹುಡುಗ ಮೆಸೇಜ್ ಹಾಕಿದ. ಪಟಾಕಿ ಸದ್ದಿಗೆ ಹೆದರಿ ಅವರ ನಾಯಿ ಸಂಜೆ ಗೇಟ್ ಹಾರಿ ಓಡಿಹೋಗಿದೆ, ಬೋಂಡಾನ ಕರ್ಕೊಂಡು ಬರ್ತೀರಾ ಅಂತ. ನಾನು ಹೋದೆ. ಹೆಮ್ಮೆಯಿಂದಲೇ ಹೋದೆ, ಸುಳ್ಳು ಯಾಕೆ. ಅವರ ನಾಯಿ ಮಲಗೋ ಗೋಣಿಚೀಲ ಮೂಸಿಸಿ ಬಿಟ್ಟೆ. ನನಗೆ ಮನಸ್ಸಲ್ಲಿ, ಓಡಿದ ನಾಯಿ ಊರ ಹೊರಗಿನ ಹೊಲದ ಕಡೆಗೇ ಹೋಗಿರುತ್ತೆ ಅಂತ ಇತ್ತು. ಬೋಂಡಾ ಹೊಲದ ಕಡೆಗೇ ಹೋದ. ಆ ಮನೆಯವರು, ಒಬ್ಬರು ವಯಸ್ಸಾದ ಅಜ್ಜಿನೂ ಸೇರಿ, ಟಾರ್ಚ್ ಹಿಡಿದು ಎರಡು ಗಂಟೆ ನಮ್ಮ ಹಿಂದೆ ನಡೆದರು. ಬೇರೆ ಕಡೆ ಹುಡುಕ್ತಿದ್ದ ಪಕ್ಕದ ಮನೆಯವರನ್ನೂ "ಈ ಕಡೆ ಜಾಡು ಸಿಕ್ಕಿದೆ" ಅಂತ ಕರೆಸಿಕೊಂಡರು.

ಎರಡು ದಿನ ಆದಮೇಲೆ ಅವರ ನಾಯಿ ಸಿಕ್ತು, ಪೂರ್ತಿ ಎದುರು ದಿಕ್ಕಲ್ಲಿ, ಒಂದು ಮೋರಿ ಒಳಗೆ. ಹಾಲಿನವನು ನೋಡಿದ್ದು. ಕಾಲಿಗೆ ಪೆಟ್ಟಾಗಿತ್ತು, ಬದುಕಿತ್ತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ, "ಥ್ಯಾಂಕ್ಸ್ ಅಕ್ಕಾ" ಅಂತ ಸ್ಟೋರಿಯಲ್ಲಿ ಟ್ಯಾಗ್ ಮಾಡಿದ್ರು. ಅದು ಇನ್ನೂ ಚುಚ್ಚುತ್ತೆ. ನಾವು ಹೋಗದೇ ಇದ್ದಿದ್ರೆ ಪಕ್ಕದ ಮನೆಯವರು ಆ ಮೋರಿ ಕಡೆಗೇ ಹೋಗ್ತಿದ್ರೋ ಏನೋ.

ಈಗ 2011ರ ಒಂದು ಅಧ್ಯಯನ ಕೇಳಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಲೀಸಾ ಲಿಟ್ ಮತ್ತು ಜೊತೆಯವರು, ಮಾದಕವಸ್ತು, ಸ್ಫೋಟಕ ಹುಡುಕೋ 18 ನಾಯಿ-ನಿರ್ವಾಹಕ ಜೋಡಿಗಳನ್ನ ಒಂದು ಚರ್ಚ್ ಕಟ್ಟಡಕ್ಕೆ ಕರೆದರು. ಕೆಲವು ಜಾಗದಲ್ಲಿ ಕಾಗದದ ಗುರುತು ಹಾಕಿ, ಗುರುತು ಇರೋ ಕಡೆ ವಸ್ತು ಇಟ್ಟಿದ್ದೀವಿ ಅಂತ ನಿರ್ವಾಹಕರಿಗೆ ಹೇಳಿದ್ರು. ನಿಜ ಏನಂದ್ರೆ, ಇಡೀ ಕಟ್ಟಡದಲ್ಲಿ ಮಾದಕವಸ್ತುವಾಗಲಿ ಸ್ಫೋಟಕವಾಗಲಿ ಇಟ್ಟಿರಲಿಲ್ಲ. ಒಟ್ಟು 144 ಸಲ ಹುಡುಕಾಟ ನಡೀತು. ಅದರಲ್ಲಿ "ಇಲ್ಲಿ ಏನೂ ಇಲ್ಲ" ಅಂತ ಸರಿಯಾಗಿ ಮುಗಿದದ್ದು 21. ಉಳಿದ 123ರಲ್ಲೂ ನಾಯಿ ತೋರಿಸಿತು ಅಂತ ನಿರ್ವಾಹಕರು ಹೇಳಿದ್ರು, ಕಾಗದ ಇದ್ದ ಕಡೆ ಇನ್ನೂ ಜಾಸ್ತಿ.

ಇವರು ವೃತ್ತಿಯವರು. ನಾನು ಬಿ.ಕಾಂ ಎರಡನೇ ವರ್ಷ. ಹೊಲದ ಕಡೆ ಹೋಗಿದ್ದು ಬೋಂಡಾ ಅಲ್ಲ.

7/9

ಹಾಗಂತ "ನಾಯಿ ಮೂಗು ಬರೀ ಬೂಟಾಟಿಕೆ" ಅಂತ ಕಾಮೆಂಟ್ ಹಾಕಬೇಡಿ. ನಮ್ಮ ದಾವಣಗೆರೆಯವರಿಗೆ ಅದನ್ನ ಹೇಳೋ ಹಕ್ಕಂತೂ ಇಲ್ಲ.

2020ರ ಜುಲೈನಲ್ಲಿ ನಮ್ಮ ಜಿಲ್ಲೆಯಲ್ಲಿ ಒಂದು ಕೊಲೆ ಆದಾಗ, ಪೊಲೀಸ್ ಶ್ವಾನದಳದ ಡಾಬರ್‌ಮನ್ ತುಂಗಾ ಸ್ಥಳದಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಆರೋಪಿವರೆಗೆ ಪೊಲೀಸರನ್ನ ಮುಟ್ಟಿಸಿದಳು. ಆಗ ಅವಳಿಗೆ ವಯಸ್ಸೂ ಆಗಿತ್ತು. 2024ರಲ್ಲಿ ಅದೇ ದಳದ ತುಂಗಾ-2, ಮಳೆಯಲ್ಲಿ, ರಾತ್ರಿ ಹೊತ್ತು, ಸುಮಾರು 8 ಕಿಲೋಮೀಟರ್ ಓಡಿ ಒಂದು ಮನೆ ಮುಂದೆ ನಿಂತಳು. ಒಳಗೆ ಒಬ್ಬ ಹೆಂಗಸಿನ ಜೀವ ಉಳೀತು. ಅವತ್ತು ನಿರ್ವಾಹಕರಿಗೆ ದಾರಿ ಗೊತ್ತಿರಲಿಲ್ಲ, ನಾಯಿಗೆ ಗೊತ್ತಿತ್ತು. ವ್ಯತ್ಯಾಸ ಅಲ್ಲೇ ಇರೋದು.

ಹೀಗಿದ್ದೂ ಕೋರ್ಟು ನಾಯಿಯ ಮಾತನ್ನ ಪೂರ್ತಿ ಒಪ್ಪಲ್ಲ. 2001ರಲ್ಲಿ ಆಂಧ್ರಪ್ರದೇಶದಿಂದ ಬಂದ ಒಂದು ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ಮೂರು ತೊಂದರೆ ಹೇಳಿತು. ನಾಯಿಯೋ ಅದರ ನಿರ್ವಾಹಕನೋ ತಪ್ಪು ಮಾಡಬಹುದು. ನಾಯಿಯ ನಡವಳಿಕೆಯನ್ನ ಮನುಷ್ಯ ತಪ್ಪಾಗಿ ಅರ್ಥ ಮಾಡ್ಕೊಳ್ಳಬಹುದು. ನಾಯಿ ಹೇಗೆ ಗುರುತು ಹಿಡಿಯುತ್ತೆ ಅನ್ನೋದು ವಿಜ್ಞಾನಕ್ಕೂ ಪೂರ್ತಿ ಗೊತ್ತಿಲ್ಲ. ಹಾಗಾಗಿ ನಾಯಿ ತೋರಿಸಿದ ದಾರಿ ತನಿಖೆಗೆ ದಾರಿ ಆಗಬಹುದು, ಅದೊಂದನ್ನೇ ನಂಬಿ ಒಬ್ಬನನ್ನ ಜೈಲಿಗೆ ಕಳಿಸೋಕಾಗಲ್ಲ. ಲಾ ಓದ್ತಿರೋರು ಯಾರಾದ್ರೂ ಇದ್ರೆ ಕಾಮೆಂಟಲ್ಲಿ ಇನ್ನೂ ಬಿಡಿಸಿ ಹೇಳಿ, ನನಗೆ ಬಿಸಿನೆಸ್ ಲಾ ಅಷ್ಟೇ ಗೊತ್ತು.

8/9

ಮನೆನಾಯಿಗಳು ಈ ಆಟಕ್ಕೆ ಬಂದಿದ್ದು ಹೇಗೆ? ಈ ಭಾಗ ಬೇಗ ಮುಗಿಸ್ತೀನಿ.

2006ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ರಾನ್ ಗಾಂಟ್, ಏಮಿ ಹೆರಾಟ್, ಜಿಲ್ ಮೇರಿ ಓಬ್ರಯನ್ ಅನ್ನೋ ಮೂವರು ತರಬೇತುದಾರರು, ಪೊಲೀಸ್ ನಾಯಿಗಳ ವಿದ್ಯೆಯನ್ನ ಸಾಕುನಾಯಿಗಳಿಗೆ ಆಟ ಮಾಡಿ ಕೊಟ್ಟರು. ಬಾಂಬು, ಗಾಂಜಾ ಬದಲಿಗೆ ಬರ್ಚ್ ಮರದ ಎಣ್ಣೆ, ಸೋಂಪಿನ ಜಾತಿಯ ಆನಿಸ್, ಲವಂಗ. ಡಬ್ಬಿಗಳಲ್ಲಿ, ಕೋಣೆಯಲ್ಲಿ, ಹೊರಗಿನ ಬಯಲಲ್ಲಿ, ವಾಹನದ ಸುತ್ತ, ಹೀಗೆ ನಾಲ್ಕು ಥರ ಹುಡುಕಾಟ. ಸ್ಪರ್ಧೆಯ ಮುಖ್ಯ ನಿಯಮ ಏನು ಹೇಳಿ? ವಾಸನೆ ಎಲ್ಲಿಟ್ಟಿದ್ದಾರೆ ಅಂತ ನಾಯಿ ಹಿಡಿದವರಿಗೆ ಗೊತ್ತಿರಲ್ಲ. ನಾಯಿಯನ್ನ ನೋಡಿ ಅವರೇ "ಇಲ್ಲಿ" ಅಂತ ಕೂಗಬೇಕು, ತಪ್ಪಾದರೆ ತಪ್ಪು. ಅಮೆರಿಕನ್ ಕೆನಲ್ ಕ್ಲಬ್ 2017ರಲ್ಲಿ ಇದೇ ಥರ ತನ್ನ ಸ್ಪರ್ಧೆ ಶುರು ಮಾಡಿತು.

ಇನ್ನು ಮೂಗಿನೊಳಗೆ ಏನಾಗುತ್ತೆ ಅಂತ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗ್ಯಾರಿ ಸೆಟಲ್ಸ್ ಅವರ ತಂಡ ನಾಯಿ ಮೂಸೋವಾಗ ಗಾಳಿ ಹೇಗೆ ಓಡುತ್ತೆ ಅಂತ ನೋಡಿತು. ನಾಯಿ ಸೆಕೆಂಡಿಗೆ ಸುಮಾರು 5 ಸಲ ಮೂಸುತ್ತೆ. ಗಾಳಿ ಮುಂದಿನಿಂದ ಒಳಗೆ ಹೋಗುತ್ತೆ, ವಾಪಸ್ ಬರೋವಾಗ ಮೂಗಿನ ಪಕ್ಕದ ಸೀಳಿನಿಂದ ಹಿಂದಕ್ಕೆ ಹೋಗುತ್ತೆ. ಹಾಗಾಗಿ ಉಸಿರು ಬಿಟ್ಟರೂ ಮುಂದಿರೋ ವಾಸನೆ ಚದುರಲ್ಲ. ಒಳಗೆ ಹೋದ ಗಾಳಿಯಲ್ಲಿ ಶೇಕಡಾ 12-13ರಷ್ಟು, ವಾಸನೆ ಗ್ರಹಿಸೋ ಹಿಂಭಾಗಕ್ಕೆ ಬೇರೆ ದಾರಿಯಲ್ಲಿ ಹೋಗುತ್ತೆ, ಉಳಿದದ್ದು ಶ್ವಾಸಕೋಶಕ್ಕೆ. ನಿಮ್ಮ ನಾಯಿ ಮೂಗಿನ ಪಕ್ಕ ಅಲ್ಪವಿರಾಮದ ಥರ ಒಂದು ಸೀಳು ಇರುತ್ತಲ್ಲ, ಈಗಲೇ ಹೋಗಿ ನೋಡಿ.

2019ರಲ್ಲಿ ಶಾರ್ಲೆಟ್ ಡ್ಯುರಾಂಟನ್, ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನೋರು 20 ಸಾಕುನಾಯಿಗಳನ್ನ ಎರಡು ಗುಂಪು ಮಾಡಿದ್ರು. ಎರಡು ವಾರ ಒಂದು ಗುಂಪಿಗೆ ಮೂಗಿನ ಆಟ, ಇನ್ನೊಂದಕ್ಕೆ ಕಾಲ ಪಕ್ಕದಲ್ಲೇ ನಡೆಯೋ ಅಭ್ಯಾಸ. ಆಮೇಲೆ ತಿಂಡಿ ಇದೆಯೋ ಇಲ್ವೋ ಗೊತ್ತಿಲ್ಲದ ಬಟ್ಟಲನ್ನ ಮುಂದಿಟ್ಟರೆ, ಮೂಗಿನ ಆಟದ ನಾಯಿಗಳು ಮುಂಚೆಗಿಂತ ಬೇಗ ಓಡಿದವು. "ಇರಬಹುದು" ಅನ್ನೋ ಆಸೆ ಅವಕ್ಕೆ ಹೆಚ್ಚಾಗಿತ್ತು. ಕಾಲ ಪಕ್ಕ ನಡೆದವಕ್ಕೆ ಅಂಥ ಬದಲಾವಣೆ ಆಗಿರಲಿಲ್ಲ.

9/9

ಈಗ ನಾವು ಹೇಗೆ ಆಡ್ತೀವಿ ಅಂತ ಹೇಳ್ತೀನಿ. ನಿಮ್ಮನೇಲಿ ಬೀದಿಯಿಂದ ತಂದ ನಾಯಿ ಇದ್ರೂ ಸಾಕು, ಬೋಂಡಾನೂ ಬೀದಿಯವನೇ. ಅಂಗಡಿ ಮುಂದೆ ಬೋಂಡಾ ಕದ್ದು ಓಡೋವಾಗ ಸಿಕ್ಕಿದ್ದ.

ಮೊದಲು ಎಲ್ಲ ಶುರುವಿನಿಂದ. ಮನೆ ಒಳಗೆ ಮೂರು ರಟ್ಟಿನ ಡಬ್ಬಿ, ಒಂದರಲ್ಲಿ ಬೇಯಿಸಿದ ಲಿವರ್ ಚೂರು. ಹುಡುಕಿದರೆ ಅಲ್ಲೇ ತಿನ್ನೋದು. ಒಂದು ವಾರ ಆದಮೇಲೆ ಲವಂಗ ಇಟ್ಟು ಒಂದು ದಿನ ಮುಚ್ಚಿದ ಹತ್ತಿ ತುಂಡನ್ನ ತೂತಿರೋ ಚಿಕ್ಕ ಡಬ್ಬಿಯಲ್ಲಿ ಹಾಕಿ, ಲಿವರ್ ಜೊತೆ ಇಟ್ಟೆ. ಆಮೇಲೆ ಲಿವರ್ ತೆಗೆದೆ, ಅದು ನನ್ನ ಕೈಯಿಂದ ಸಿಗುತ್ತೆ. (ಲವಂಗದ ಎಣ್ಣೆಯನ್ನ ನಾಯಿ ಮೂಗಿಗೆ ಹಿಡಿಯಬೇಡಿ, ಉರಿಯುತ್ತೆ. ಬರೀ ಲವಂಗ ಸಾಕು, ಅದನ್ನೂ ತಿನ್ನೋಕೆ ಬಿಡಬೇಡಿ.)

ಹೊರಗೆ ಹೋದಾಗ ಆಟವೇ ಬೇರೆ. ಬೆಳಿಗ್ಗೆ ಆರೂವರೆಗೆ ಹೋಗ್ತೀವಿ, ಬಿಸಿಲೇರಿದ ಮೇಲೆ ಬಾಯಿ ತೆಗೆದು ಏದುಸಿರು ಬಿಡೋ ನಾಯಿ ಸರಿಯಾಗಿ ಮೂಸೋಕಾಗಲ್ಲ. ಗಾಳಿ ಎತ್ತ ಅಂತ ನೋಡೋಕೆ ಒಣಗಿದ ಎಕ್ಕದ ಕಾಯಿಯ ಹತ್ತಿ ಹಾರಿಸ್ತೀನಿ. ಗಿಡದ ಹಾಲು ತಾಗದ ಹಾಗೆ ನೋಡ್ಕೊಳ್ಳಿ, ಅದು ವಿಷ. ಆ ಹತ್ತಿ ನೆಟ್ಟಗೆ ಹೋಗಲ್ಲ, ಕಾಂಪೌಂಡ್ ಗೋಡೆಗೆ ತಾಗಿ ತಿರುಗುತ್ತೆ, ಕಾಂಗ್ರೆಸ್ ಗಿಡದ ಬುಡದಲ್ಲಿ ಸುಳಿಯಾಗಿ ನಿಲ್ಲುತ್ತೆ. ವಾಸನೆಯೂ ಹಾಗೇ ಓಡುತ್ತೆ. ಮೊದಲ ದಿನ ಬೋಂಡಾ ಡಬ್ಬಿಯಿಂದ ಎಂಟು ಹೆಜ್ಜೆ ದೂರದ ಗೋಡೆ ಮೂಲೆಯಲ್ಲಿ ಸುತ್ತು ಹೊಡೀತಿದ್ದ. ತಪ್ಪು ಅಂತ ಕರೆಯೋಕೆ ಬಾಯಿ ತೆಗೆದಿದ್ದೆ. ಹತ್ತಿ ಹಾರಿಸಿ ನೋಡಿದ್ರೆ ಗಾಳಿ ಅಲ್ಲೇ ಹೋಗಿ ಸೇರ್ತಿತ್ತು. ಅವನು ಸರಿಯಾಗೇ ಹೇಳ್ತಿದ್ದ, ನನಗೆ ಓದೋಕೆ ಬರ್ತಿರಲಿಲ್ಲ. ಖಾಲಿ ಸೈಟಲ್ಲಿ ಗಾಜು, ಹಾವು ಮುಂಚೆ ನೋಡ್ಕೊಂಡು ಬಿಡಿ. ಉದ್ದ ಹಗ್ಗ ಇರಲಿ, ಅದನ್ನ ಎಳೀಬೇಡಿ.

ಮತ್ತೆ ಮುಖ್ಯವಾದದ್ದು: ಬಚ್ಚಿಡೋದು ನಾನಲ್ಲ. ನನ್ನ ಕ್ಲಾಸ್‌ಮೇಟ್. ಅವಳು ಬಚ್ಚಿಟ್ಟು, ಚೀಟಿಯಲ್ಲಿ ಜಾಗ ಬರೆದು ಜೇಬಿಗೆ ಹಾಕ್ಕೊಂಡು, ಗೇಟ್ ಹೊರಗೆ ರಸ್ತೆ ಕಡೆ ಮುಖ ಮಾಡಿ ನಿಲ್ತಾಳೆ. ಕೆಲವು ದಿನ ಏನೂ ಇಡದೇ "ಇಟ್ಟೆ" ಅಂತಾಳೆ. ಬೋಂಡಾ ಕೂತ ಜಾಗ ನಾನು ಕೂಗಿ ಹೇಳ್ತೀನಿ, ಆಮೇಲೆ ಚೀಟಿ ತೆಗೀತೀವಿ. ಎಲ್ಲ ಒಂದು ಹಳೇ ಕಾಸ್ಟ್ ಅಕೌಂಟಿಂಗ್ ನೋಟ್‌ಬುಕ್ಕಿನ ಹಿಂದೆ ಬರೀತಿದ್ದೀನಿ. ಮೊದಲ ಹತ್ತರಲ್ಲಿ 2 ಸರಿ. ಎರಡನೇ ಹತ್ತರಲ್ಲಿ 5. ಈ ವಾರದ ಹತ್ತರಲ್ಲಿ 7. ಖಾಲಿ ಇಟ್ಟ ನಾಲ್ಕು ದಿನದಲ್ಲಿ ಎರಡು ದಿನ ನಾನು ಸುಮ್ಮನೆ "ಇಲ್ಲಿ!" ಅಂತ ಕೂಗಿದ್ದೀನಿ, ಅದೂ ಬರೆದಿದೆ. ಬೋಂಡಾ ಈಗ ನನ್ನ ಮುಖ ನೋಡೋದು ಕಮ್ಮಿ ಮಾಡಿದ್ದಾನೆ. ಸ್ವಲ್ಪ ಬೇಜಾರೂ ಆಗುತ್ತೆ, ನಿಜ ಹೇಳ್ಬೇಕಂದ್ರೆ.

ಆ ಹುಡುಗನಿಗೆ ಮೆಸೇಜ್ ಹಾಕಿ ನಡೆದದ್ದೆಲ್ಲ ಹೇಳಿದೆ. ಅವನು ನೋಡಿದ್ದಾನೆ, ಇನ್ನೂ ಉತ್ತರ ಬಂದಿಲ್ಲ.

ಹೊಸ ರೀಲ್ ಕೇಳ್ತಿರೋರಿಗೆ: ನಿನ್ನೆ ಶೂಟ್ ಮಾಡೋಣ ಅಂತ ಹೋಗಿದ್ವಿ. ಇವಳು ಎರಡು ಡಬ್ಬಿ ಬಚ್ಚಿಟ್ಟಳು. ಒಂದನ್ನ ಬೋಂಡಾ ಹುಡುಕಿದ, ಅಷ್ಟರಲ್ಲಿ ಮಳೆ ಶುರು. ಓಡಿ ಬಂದ್ವಿ. ಎರಡನೇದು ಎಲ್ಲಿಟ್ಟೆ ಅಂತ ಕೇಳಿದ್ರೆ ಚೀಟಿ ಒದ್ದೆಯಾಗಿ ಅಕ್ಷರ ಕರಗಿದೆ, ಇವಳಿಗೂ ಮರೆತುಹೋಗಿದೆ. ಅಮ್ಮನ ಮಸಾಲೆ ಡಬ್ಬಿ ಅದು, ಇನ್ನೂ ಹೇಳಿಲ್ಲ. ನಾಳೆ ಬೆಳಿಗ್ಗೆ ಆರೂವರೆಗೆ ಮೂವರೂ ಹೋಗ್ತೀವಿ. ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ.